ಕಂಪನಿಯ ಬೀಜಕ್ಕೆ ಪೊಲೀಸ್ ಕಾವಲು, ಊರಿನ ಬೀಜಕ್ಕೆ ಬರಿಯ ಕಡತ

ಭಾರತದ 22ನೆಯ ಕಾನೂನು ಆಯೋಗವು 2024ರ ಮಾರ್ಚ್ 5ರಂದು ತನ್ನ 289ನೆಯ ವರದಿಯನ್ನು ಕೇಂದ್ರ ಸರಕಾರಕ್ಕೆ ಒಪ್ಪಿಸಿತು. ವರದಿಯ ವಿಷಯ ವ್ಯಾಪಾರ ರಹಸ್ಯ ಮತ್ತು ಆರ್ಥಿಕ ಬೇಹುಗಾರಿಕೆ. ಉದ್ಯಮಗಳ ಗುಟ್ಟನ್ನು ಕಾಪಾಡಲು ಪ್ರತ್ಯೇಕ ಕಾಯ್ದೆಯೊಂದು ಬೇಕು, ಪರರಾಷ್ಟ್ರಗಳ ಪ್ರೇರಣೆಯಿಂದ ನಡೆಯುವ ಆರ್ಥಿಕ ಬೇಹುಗಾರಿಕೆಯನ್ನು ಹತ್ತಿಕ್ಕಲು ಇನ್ನೊಂದು ಕಾಯ್ದೆ ಬೇಕು ಎಂಬುದು ಅದರ ಸಾರ. ಇದಾಗಿ ಒಂದು ತಿಂಗಳೂ ಕಳೆಯಲಿಲ್ಲ. ಏಪ್ರಿಲ್ 1ರಂದು ತಿದ್ದುಪಡಿಗೊಂಡ ಜೀವವೈವಿಧ್ಯ ಕಾಯ್ದೆ ಜಾರಿಗೆ ಬಂದಿತು. ಹಳ್ಳಿಗರ ಬೀಜ, ಬೇರು, ನಾರು, ತಿಳಿವಳಿಕೆಗಳನ್ನು ಅನುಮತಿಯಿಲ್ಲದೆ ಒಯ್ದವರಿಗೆ 2002ರ ಮೂಲ ಕಾಯ್ದೆಯಲ್ಲಿ 5 ವರ್ಷಗಳವರೆಗೆ ಸೆರೆವಾಸದ ಭಯವಿತ್ತು. ಆ ಭಯವನ್ನು ಹೊಸ ತಿದ್ದುಪಡಿ ಅಳಿಸಿಹಾಕಿದೆ. ಇನ್ನು ಮುಂದೆ ದಂಡ ಕಟ್ಟಿದರೆ ಸಾಕು.

ಒಂದೇ ದೇಶ, ಒಂದೇ ಸರಕಾರ, ಒಂದೇ ಋತು. ಕಂಪನಿಯ ಮನೆಯಲ್ಲಿ ಕಳವಾದರೆ ಅದು ರಾಷ್ಟ್ರದ ಭದ್ರತೆಯ ಪ್ರಶ್ನೆ. ಊರಿನ ಮನೆಯಲ್ಲಿ ಕಳವಾದರೆ ಅದು ದಂಡದ ರಸೀದಿಯ ಪ್ರಶ್ನೆ. ಈ ಎರಡು ಅಳತೆಗೋಲುಗಳ ಬಗ್ಗೆ ಮಲೆನಾಡಿನ ಗ್ರಾಮಸಭೆಗಳಲ್ಲಿ ಇದುವರೆಗೆ ಚರ್ಚೆಯೇ ಆದಂತಿಲ್ಲ. ವ್ಯಾಪಾರ ರಹಸ್ಯವೆಂದರೆ ಬೆಂಗಳೂರಿನ ಗಾಜಿನ ಕಟ್ಟಡಗಳಿಗೆ ಸಂಬಂಧಿಸಿದ್ದು, ಕೊಟ್ಟಿಗೆ–ತೋಟದವರಿಗೆ ಅದರ ಗೊಡವೆ ಏತಕ್ಕೆ ಎಂಬ ಭಾವನೆ ಇರಬಹುದು. ಆದರೆ ಅಮೆರಿಕದಲ್ಲಿ ಈ ಬಗೆಯ ಕಾಯ್ದೆಯಡಿ ನಡೆದ ಅತ್ಯಂತ ಪ್ರಸಿದ್ಧ ಮೊಕದ್ದಮೆಗಳಲ್ಲೊಂದು ಆರಂಭವಾದದ್ದು ಗಾಜಿನ ಕಟ್ಟಡದಲ್ಲಲ್ಲ, ಹೊಲದ ಮಣ್ಣಿನಲ್ಲಿ.

2011ರ ಮೇ ತಿಂಗಳು. ಅಯೋವಾ ರಾಜ್ಯದ ಟಾಮಾ ಪ್ರಾಂತದಲ್ಲಿ ಆಗತಾನೆ ಮೆಕ್ಕೆಜೋಳ ಬಿತ್ತಿದ್ದ ಹೊಲವೊಂದರಲ್ಲಿ ಮಂಡಿಯೂರಿ ಮಣ್ಣು ಕೆದಕುತ್ತಿದ್ದ ಅಪರಿಚಿತನೊಬ್ಬ ಪಯೋನಿಯರ್ ಬೀಜ ಕಂಪನಿಯ ಮೇಲ್ವಿಚಾರಕನ ಕಣ್ಣಿಗೆ ಬಿದ್ದ. ವಿಚಾರಿಸಿದಾಗ ತಾನು ವಿಶ್ವವಿದ್ಯಾಲಯದವನೆಂದು ಹೇಳಿ ಅಲ್ಲಿಂದ ಕಾರಿನಲ್ಲಿ ಪರಾರಿಯಾದ. ಆತ ಮೊ ಹೈಲಾಂಗ್, ಚೀನಾದ ಬೀಜಿಂಗ್ ದಾಬೀನೊಂಗ್ ಎಂಬ ಕೃಷಿ ಉದ್ಯಮದ ನೌಕರ. ಅಮೆರಿಕದ ಕೇಂದ್ರ ತನಿಖಾ ಸಂಸ್ಥೆ ಎಫ್‌ಬಿಐ ಬೆನ್ನು ಹತ್ತಿತು. ಬಾಡಿಗೆ ಕಾರಿನೊಳಗಿನ ಮಾತುಗಳನ್ನು ಗುಟ್ಟಾಗಿ ಮುದ್ರಿಸಿಕೊಳ್ಳಲಾಯಿತು. ಶತ್ರುದೇಶದ ಗೂಢಚಾರರಿಗೆಂದೇ ಮಾಡಿದ ಕಣ್ಗಾವಲು ಕಾನೂನನ್ನು ಬೀಜದ ಕಳ್ಳರ ಮೇಲೆ ಬಳಸಲಾಯಿತು. 2012ರಲ್ಲಿ ಅದೇ ಗುಂಪಿನ ಇಬ್ಬರು ಶಿಕಾಗೋ ವಿಮಾನ ನಿಲ್ದಾಣದಿಂದ ಹೊರಟಾಗ ಅವರ ಸಾಮಾನಿನಲ್ಲಿ ಪಾಪ್‌ಕಾರ್ನ್ ಡಬ್ಬಿಗಳು ಸಿಕ್ಕವು. ಒಳಗೆ ಅಡಗಿಸಿಟ್ಟ ಸಣ್ಣ ಸಣ್ಣ ಲಕೋಟೆಗಳಲ್ಲಿ ಅಂಕಿ ಬರೆದ ಬಿತ್ತನೆ ಕಾಳು. ಇನ್ನೊಬ್ಬ ಕೆನಡಾದ ಗಡಿಯಲ್ಲಿ ಬೀಜದ ಚೀಲಗಳೊಂದಿಗೆ ಸಿಕ್ಕ. 2013ರ ಡಿಸೆಂಬರ್‌ನಲ್ಲಿ ಮೊ ಹೈಲಾಂಗ್‌ನ ಬಂಧನವಾಯಿತು. 2016ರ ಜನವರಿಯಲ್ಲಿ ತಪ್ಪೊಪ್ಪಿಕೊಂಡ ಆತನಿಗೆ ಅಕ್ಟೋಬರ್‌ನಲ್ಲಿ 36 ತಿಂಗಳ ಸೆರೆಯಾಯಿತು. ಅಯೋವಾ ಮತ್ತು ಇಲಿನಾಯ್‌ಗಳಲ್ಲಿದ್ದ ಎರಡು ಜಮೀನುಗಳು ಮುಟ್ಟುಗೋಲಾದವು.

ಹಾಗಾದರೆ ಆ ಕಾಳಿನಲ್ಲಿ ಏನಿತ್ತು? ಅಂಗಡಿಯಲ್ಲಿ ಯಾರು ಬೇಕಾದರೂ ಕೊಳ್ಳಬಹುದಾದ ಸಂಕರ ಬೀಜ ಅದಾಗಿರಲಿಲ್ಲ. ಸಂಕರ ಮೆಕ್ಕೆಜೋಳವನ್ನು ಪ್ರತಿವರ್ಷವೂ ಎರಡು ಪೋಷಕ ತಳಿಗಳನ್ನು ಕೂಡಿಸಿ ಹುಟ್ಟಿಸಬೇಕು. ಹಲವು ತಲೆಮಾರು ತನ್ನದೇ ಪರಾಗದಿಂದ ಕಾಳುಕಟ್ಟಿಸಿ ಶುದ್ಧಗೊಳಿಸಿದ ಆ ಪೋಷಕ ತಳಿಗಳು ಕಂಪನಿಯ ಹೊರಗೆ ಹೋಗುವುದಿಲ್ಲ. ರೈತ ಕೊಳ್ಳುವುದು ಮಗುವನ್ನು ಮಾತ್ರ. ತಂದೆತಾಯಿ ಕಂಪನಿಯ ಬೀಗದೊಳಗೆ. ರೈತನು ಬೆಳೆದ ಕಾಳನ್ನೇ ಮರಳಿ ಬಿತ್ತಿದರೆ ಇಳುವರಿ ಕುಸಿಯುತ್ತದೆ, ಮತ್ತೆ ಅಂಗಡಿಗೇ ಬರಬೇಕು. ದಾವಣಗೆರೆ, ಹಾವೇರಿ, ಶಿಕಾರಿಪುರಗಳ ಮೆಕ್ಕೆಜೋಳದ ರೈತರಿಗೆ ಇದನ್ನು ಯಾರೂ ಬಿಡಿಸಿ ಹೇಳಬೇಕಿಲ್ಲ. ಒಂದೊಂದು ಪೋಷಕ ತಳಿಯ ಹಿಂದೆ 5ರಿಂದ 8 ವರ್ಷಗಳ ಸಂಶೋಧನೆ, ಕನಿಷ್ಠ 3ರಿಂದ 4 ಕೋಟಿ ಡಾಲರ್ ವೆಚ್ಚ ಇದೆಯೆಂದು ಆಪಾದನಾ ಪತ್ರದಲ್ಲಿ ಬರೆಯಲಾಗಿತ್ತು.

ಆ ವೆಚ್ಚ ಸುಳ್ಳೆಂದು ಯಾರೂ ಹೇಳಬೇಕಾಗಿಲ್ಲ. ಬೇರೊಬ್ಬರ ಶ್ರಮವನ್ನು ಡಬ್ಬಿಯಲ್ಲಡಗಿಸಿ ಒಯ್ಯುವುದು ಕಳವೇ. ಸುಳ್ಳು ಹೇಳಿ ಹೊಲಕ್ಕೆ ನುಗ್ಗಿದವನನ್ನು ಹುತಾತ್ಮನನ್ನಾಗಿಸುವ ಅಗತ್ಯವೂ ಇಲ್ಲ. ಪ್ರಶ್ನೆ ಬೇರೆಯದು. ಲೆಕ್ಕ ಎಲ್ಲಿಂದ ಆರಂಭವಾಯಿತು?

ಮೆಕ್ಕೆಜೋಳವನ್ನು ಕಾಡುಹುಲ್ಲಿನಿಂದ ಬೆಳೆಯಾಗಿ ಮಾಡಿದವರು ಮೆಕ್ಸಿಕೋದ ಆದಿವಾಸಿ ಕೃಷಿಕರು. ಅದು ಸುಮಾರು 9,000 ವರ್ಷಗಳ ಹಿಂದಿನ ಮಾತು. ಅಮೆರಿಕದ ಇಂದಿನ ಅನೇಕ ಸಂಕರಗಳ ಪೂರ್ವಜವಾದ ರೀಡ್ ಎಂಬ ಹಳದಿ ತಳಿ ಹುಟ್ಟಿದ್ದು ಯಾವ ಪ್ರಯೋಗಾಲಯದಲ್ಲೂ ಅಲ್ಲ. ರಾಬರ್ಟ್ ರೀಡ್ ಎಂಬ ರೈತ 1846ರಲ್ಲಿ ಒಹಾಯೋದಿಂದ ಇಲಿನಾಯ್‌ಗೆ ವಲಸೆ ಬಂದಾಗ ಜೊತೆಯಲ್ಲಿ ಬೀಜ ತಂದ. ಮರುವರ್ಷ ಮೊಳಕೆ ಸರಿಯಾಗಿ ಬರಲಿಲ್ಲ. ಖಾಲಿ ಬಿದ್ದ ಗುಣಿಗಳಿಗೆ ಸ್ಥಳೀಯ ಹಳದಿ ಜೋಳ ಊರಿದ. ಎರಡೂ ಗಾಳಿಯಲ್ಲಿ ಬೆರೆತವು. ಮಗ ಅದನ್ನು ಆರಿಸಿ ಆರಿಸಿ ಬೆಳೆಸಿದ. 1893ರಲ್ಲಿ ಶಿಕಾಗೋ ಜಾಗತಿಕ ಮೇಳದಲ್ಲಿ ಬಹುಮಾನ ಬಂತು. ನೆರೆಹೊರೆಯ ರಾಜ್ಯಗಳಿಗೆಲ್ಲ ಬೀಜ ಹರಡಿತು. ಪಯೋನಿಯರ್ ಕಂಪನಿಯ ಮೂಲಸಂಸ್ಥೆ ಹುಟ್ಟಿದ್ದು ಆಮೇಲೆ, 1926ರಲ್ಲಿ. ಸಾವಿರಾರು ವರ್ಷ ಕೈಯಿಂದ ಕೈಗೆ ದಾಟಿ ಬಂದ ಬೀಜದ ಮೇಲೆ ಕೊನೆಯ ನೂರು ವರ್ಷದಲ್ಲಿ ಒಂದು ಬೀಗ ಬಿದ್ದಿತು. ಬೀಗ ಬಿದ್ದ ಮೇಲಿನ ಖರ್ಚು 4 ಕೋಟಿ ಡಾಲರ್ ಎಂದು ನ್ಯಾಯಾಲಯದಲ್ಲಿ ದಾಖಲಾಗುತ್ತದೆ. ಬೀಗಕ್ಕೆ ಮುಂಚಿನ 9,000 ವರ್ಷದ ಖರ್ಚಿಗೆ ಕಾಲಮ್ಮೇ ಇಲ್ಲ!

ಅಮೆರಿಕದ ಆರ್ಥಿಕ ಬೇಹುಗಾರಿಕೆ ಕಾಯ್ದೆ ಬಂದದ್ದು 1996ರಲ್ಲಿ. ವಿದೇಶೀ ಸರಕಾರದ ಲಾಭಕ್ಕಾಗಿ ರಹಸ್ಯ ಕದ್ದರೆ 15 ವರ್ಷ, ಬರಿಯ ವ್ಯಾಪಾರಕ್ಕಾಗಿ ಕದ್ದರೆ 10 ವರ್ಷದವರೆಗೆ ಸೆರೆ. ಇದೇ ಅಮೆರಿಕ ಹೊಸ ರಾಷ್ಟ್ರವಾಗಿದ್ದಾಗ ಏನು ಮಾಡಿತ್ತು? ಜವಳಿ ಕುಶಲಕರ್ಮಿಗಳು ದೇಶ ಬಿಡಬಾರದೆಂದು ಬ್ರಿಟನ್ ನಿಷೇಧ ಹೇರಿದ್ದ ಕಾಲದಲ್ಲಿ, 1789ರಲ್ಲಿ, ನೂಲುಯಂತ್ರದ ರಚನೆಯನ್ನು ತಲೆಯಲ್ಲಿ ತುಂಬಿಕೊಂಡು ಹಡಗು ಹತ್ತಿದ ಸ್ಯಾಮುಯೆಲ್ ಸ್ಲೇಟರ್‌ನನ್ನು ತನ್ನ ಕೈಗಾರಿಕೆಯ ಪಿತಾಮಹನೆಂದು ಕೊಂಡಾಡಿತು. ಬ್ರಿಟನ್ನಾದರೂ ಸಾಧುವೇ? 1848ರಲ್ಲಿ ಈಸ್ಟ್ ಇಂಡಿಯಾ ಕಂಪನಿ ರಾಬರ್ಟ್ ಫಾರ್ಚೂನ್ ಎಂಬ ಸಸ್ಯತಜ್ಞನನ್ನು ಚೀನಾಕ್ಕೆ ಕಳುಹಿಸಿತು. ಚೀನೀ ಉಡುಪು ಧರಿಸಿ, ವೇಷ ಮರೆಸಿಕೊಂಡು ಆತ ಚಹಾದ ಬೀಜ, ಸಸಿ, ತಯಾರಿಕೆ ಬಲ್ಲ ಕೆಲಸಗಾರರನ್ನು ಹಿಮಾಲಯದ ತೋಟಗಳಿಗೆ ಸಾಗಿಸಿದ. ಇದಕ್ಕಿಂತ ಅಪ್ಪಟ ಆರ್ಥಿಕ ಬೇಹುಗಾರಿಕೆ ಇನ್ನೊಂದಿರಲಾರದು. ಚಂದ್ರದ್ರೋಣ ಪರ್ವತದ ಮಡಿಲಿನವರೂ ಇಲ್ಲಿ ಸ್ವಲ್ಪ ತಲೆ ಕೆರೆದುಕೊಳ್ಳಬೇಕಾಗುತ್ತದೆ. ಬಾಬಾಬುಡನ್ ಯೆಮೆನ್‌ನಿಂದ 7 ಕಾಫಿ ಬೀಜಗಳನ್ನು ಬಚ್ಚಿಟ್ಟುಕೊಂಡು ತಂದರೆಂಬ ಐತಿಹ್ಯವನ್ನು ಚಿಕ್ಕಮಗಳೂರಿನ ಮಕ್ಕಳೂ ಬಲ್ಲರು. ಬೀಜದ ವಿಷಯದಲ್ಲಿ ಕಳ್ಳ–ಸಂತ ಎಂಬ ಹೆಸರನ್ನು ಇಡುವವರು ಆ ಕಾಲದಲ್ಲಿ ಬಲ ಉಳ್ಳವರು, ಅಷ್ಟೆ.

ಕಾವಲುಗಾರನಿಗೆ ಅತಿಯಾದ ಅಧಿಕಾರ ಕೊಟ್ಟಾಗ ಏನಾಗುತ್ತದೆ ಎಂಬುದಕ್ಕೂ ಅಮೆರಿಕವೇ ಸಾಕ್ಷಿ. ಒಹಾಯೋದಲ್ಲಿ ಸರಕಾರದ ಹವಾಮಾನ ಸೇವೆಗಾಗಿ ನದಿ ಪ್ರವಾಹದ ಮುನ್ಸೂಚನೆ ನೀಡುತ್ತಿದ್ದ ಜಲವಿಜ್ಞಾನಿ ಶೆರ್ರಿ ಚೆನ್ ಅವರನ್ನು 2014ರಲ್ಲಿ ಅಣೆಕಟ್ಟುಗಳ ಮಾಹಿತಿಯ ನೆಪದಲ್ಲಿ ಬಂಧಿಸಲಾಯಿತು. ಐದು ತಿಂಗಳಲ್ಲಿ ಆರೋಪಗಳೆಲ್ಲ ಹಿಂದಕ್ಕೆ ಹೋದವು. ಆದರೂ ಕೆಲಸ ಹೋಯಿತು. ಸರಕಾರ ಪರಿಹಾರ ಕೊಟ್ಟು ರಾಜಿ ಮಾಡಿಕೊಂಡದ್ದು 2022ರಲ್ಲಿ. 2018ರ ನವೆಂಬರ್‌ನಲ್ಲಿ ಆರಂಭಿಸಿದ ‘ಚೀನಾ ಉಪಕ್ರಮ’ ಎಂಬ ಅಭಿಯಾನ ಪ್ರಾಧ್ಯಾಪಕರ ಮನೆಬಾಗಿಲು ತಟ್ಟಿತು. ಟೆನೆಸಿ ವಿಶ್ವವಿದ್ಯಾಲಯದ ಅನ್ಮಿಂಗ್ ಹು 2021ರಲ್ಲಿ ನಿರ್ದೋಷಿಯೆಂದು ಬಿಡುಗಡೆಯಾದರು. ಎಂಐಟಿಯ ಗಾಂಗ್ ಚೆನ್ ಅವರ ಮೇಲಿನ ಮೊಕದ್ದಮೆಯನ್ನು 2022ರ ಜನವರಿಯಲ್ಲಿ ಕೈಬಿಡಲಾಯಿತು. ಮರುತಿಂಗಳು ಅಭಿಯಾನವನ್ನೇ ನಿಲ್ಲಿಸಿದರು. ಅಣೆಕಟ್ಟು, ನದಿ, ಅರಣ್ಯಗಳ ಅಂಕಿಅಂಶ ಕೇಳುವ ವಿದ್ಯಾರ್ಥಿಯನ್ನು ದೇಶದ್ರೋಹಿಯಂತೆ ನೋಡುವ ಚಾಳಿ ಭಾರತದಲ್ಲೂ ಹೊಸದಲ್ಲ. ಆ ಚಾಳಿಗೆ ಹೊಸ ಕಾಯ್ದೆಯ ಬಲವೂ ಸಿಕ್ಕರೆ ಪಶ್ಚಿಮಘಟ್ಟದ ನದಿಗಳ ಬಗ್ಗೆ ಪ್ರಶ್ನೆ ಕೇಳುವವರ ಗತಿ ಏನು?

ಈಗ ಘಟ್ಟದ ಈ ಕಡೆಗೆ ಬರಬೇಕು. ಉಡುಪಿಯ ಸಮೀಪದ ಮಟ್ಟು ಗ್ರಾಮದ ಗುಳ್ಳ ಬದನೆ, ಸೋದೆಯ ವಾದಿರಾಜ ಸ್ವಾಮಿಗಳು ಕೊಟ್ಟ ಬೀಜದಿಂದ ಬಂದದ್ದೆಂದು ಅಲ್ಲಿನ ಜನ ನಂಬುತ್ತಾರೆ. ಸೋದೆ ಶಿರಸಿಯ ಮಗ್ಗುಲಿನ ಊರು. ಹೀಗಾಗಿ ಘಟ್ಟದ ಮೇಲಿನವರಿಗೂ ಆ ಬದನೆ ಪರಕೀಯವಲ್ಲ. ಯಾರೂ ಅದನ್ನು ಬೀಗದೊಳಗಿಡಲಿಲ್ಲ. ಕೇಳಿದವರಿಗೆ ಬೀಜ ಕೊಟ್ಟರು, ಸಸಿ ಕೊಟ್ಟರು. ಬಿಟಿ ಎಂಬ ಕುಲಾಂತರಿ ಬದನೆಯನ್ನು ರೂಪಿಸುವ ಯೋಜನೆಗಾಗಿ ಬಳಕೆಯಾದ ಕರ್ನಾಟಕದ 6 ಸ್ಥಳೀಯ ತಳಿಗಳಲ್ಲಿ ಉಡುಪಿಯ ಗುಳ್ಳವೂ ಇತ್ತು. ಯೋಜನೆಯಲ್ಲಿ ಧಾರವಾಡದ ಕೃಷಿ ವಿಶ್ವವಿದ್ಯಾಲಯ ಇತ್ತು, ಮಾನ್ಸಾಂಟೊ ಪಾಲು ಹೊಂದಿದ್ದ ಮಹಿಕೋ ಕಂಪನಿ ಇತ್ತು, ಅಮೆರಿಕ ಸರಕಾರದ ನೆರವು ಸಂಸ್ಥೆಯ ಹಣವಿತ್ತು. ಜೀವವೈವಿಧ್ಯ ಕಾಯ್ದೆಯ ಪ್ರಕಾರ ಪಡೆಯಬೇಕಾದ ಅನುಮತಿಯನ್ನು ಪಡೆದಿಲ್ಲ, ಸ್ಥಳೀಯ ಜೀವವೈವಿಧ್ಯ ನಿರ್ವಹಣಾ ಸಮಿತಿಗಳನ್ನು ಕೇಳಿಲ್ಲ ಎಂದು ಬೆಂಗಳೂರಿನ ಎನ್ವಿರಾನ್ಮೆಂಟ್ ಸಪೋರ್ಟ್ ಗ್ರೂಪ್ 2010ರ ಫೆಬ್ರವರಿಯಲ್ಲಿ ರಾಜ್ಯ ಜೀವವೈವಿಧ್ಯ ಮಂಡಳಿಗೆ ದೂರು ಕೊಟ್ಟಿತು. ಆಪಾದಿತರು ಅಲ್ಲಗಳೆದರು. ರಾಷ್ಟ್ರೀಯ ಪ್ರಾಧಿಕಾರ ಕ್ರಮಕ್ಕೆ ತೀರ್ಮಾನಿಸಿದ್ದು 2011ರಲ್ಲಿ. ಧಾರವಾಡದ ನ್ಯಾಯಾಲಯದಲ್ಲಿ ಕ್ರಿಮಿನಲ್ ದೂರು ದಾಖಲಾದದ್ದು 2012ರಲ್ಲಿ.

ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಬೇಕು. ಅಯೋವಾದಲ್ಲಿ ಮಂಡಿಯೂರಿದವನ ಹಿಂದೆ ಒಂದು ರಾಷ್ಟ್ರದ ಬೇಹುಪಡೆಯೇ ಹೊರಟಿತು. ಇಲ್ಲಿ ಬಹಿರಂಗವಾಗಿ, ಒಪ್ಪಂದಪತ್ರ ಬರೆದು, ವಿಶ್ವವಿದ್ಯಾಲಯದ ಅಂಗಳದಲ್ಲೇ ತಳಿಗಳು ಕೈದಾಟಿದವೆಂಬ ಆರೋಪವನ್ನು ಎತ್ತಬೇಕಾದವರು ಸ್ವಯಂಸೇವಕರಾದರು. ಕದ್ದವನನ್ನು ಹಿಡಿಯಲು ಎಫ್‌ಬಿಐಗೆ ಎರಡೂವರೆ ವರ್ಷ ಸಾಕಾಯಿತು. ಇಲ್ಲಿ ಕಡತ ಚೆನ್ನೈನ ಪ್ರಾಧಿಕಾರದಿಂದ ಬೆಂಗಳೂರಿನ ಮಂಡಳಿಗೆ, ಅಲ್ಲಿಂದ ಮತ್ತೆ ಚೆನ್ನೈಗೆ ಅಲೆಯುವುದರಲ್ಲೇ ಅಷ್ಟು ಕಾಲ ಹಿಡಿಯಿತು. ಮಟ್ಟು ಗುಳ್ಳಕ್ಕೆ 2011ರಲ್ಲಿ ಭೌಗೋಳಿಕ ಸೂಚಿಯ ಮಾನ್ಯತೆ ಬಂದದ್ದು ಸಂತೋಷದ ಸಂಗತಿಯೇ. ಆದರೆ ಅದು ಹೆಸರಿಗೆ ರಕ್ಷಣೆ, ಬೀಜದೊಳಗಿನ ಗುಣಕ್ಕಲ್ಲ.

ಇದ್ದೊಂದು ಹಲ್ಲನ್ನೂ ಕಿತ್ತದ್ದು 2023ರ ತಿದ್ದುಪಡಿ. ಈಗ 1 ಲಕ್ಷದಿಂದ 50 ಲಕ್ಷ ರೂಪಾಯಿಯವರೆಗೆ ದಂಡ. ಉಲ್ಲಂಘನೆ ಮುಂದುವರಿದರೆ ಹೆಚ್ಚುವರಿಯಾಗಿ 1 ಕೋಟಿಯವರೆಗೆ. ಅದನ್ನು ವಿಧಿಸುವವನು ನ್ಯಾಯಾಧೀಶನಲ್ಲ, ಸರಕಾರದ ಅಧಿಕಾರಿ. ಬೀಜದ ಮಾರುಕಟ್ಟೆಯ ದೈತ್ಯರಿಗೆ 50 ಲಕ್ಷವೆಂದರೆ ಒಂದು ದಿನದ ಜಾಹೀರಾತಿನ ಖರ್ಚು. ಇದಲ್ಲದೆ ಗ್ರಂಥಸ್ಥವಾದ ಪಾರಂಪರಿಕ ಜ್ಞಾನದ ಬಳಕೆದಾರರಿಗೆ ವಿನಾಯಿತಿಯನ್ನೂ ನೀಡಲಾಗಿದೆ. ಇನ್ನೊಂದು ಗುಡ್ಡನಾಡಾದ ಉತ್ತರಾಖಂಡದ ಹೈಕೋರ್ಟು 2018ರ ಡಿಸೆಂಬರ್‌ನಲ್ಲಿ ದಿವ್ಯ ಫಾರ್ಮಸಿ ಪ್ರಕರಣದಲ್ಲಿ, ಸ್ವದೇಶೀ ಕಂಪನಿಗಳೂ ಲಾಭದ ಪಾಲನ್ನು ಸ್ಥಳೀಯ ಸಮುದಾಯಕ್ಕೆ ಕೊಡಬೇಕೆಂದು ತೀರ್ಪಿತ್ತಿತ್ತು. ಆ ತೀರ್ಪಿನ ಕಾವು ಆರುವ ಮೊದಲೇ ಕಾಯ್ದೆಯನ್ನೇ ಸಡಿಲಿಸಲಾಯಿತು. ವ್ಯಾಪಾರ ಸುಲಭವಾಗಬೇಕಂತೆ. ಯಾರಿಗೆ ಸುಲಭ?

ರಹಸ್ಯವೆಂಬುದು ಬರಿಯ ಕಳ್ಳರ ವಿರುದ್ಧದ ಬೀಗವಲ್ಲ, ಜನರ ವಿರುದ್ಧದ ಬೀಗವೂ ಹೌದು. ಇದೇ ಈ ವಾದದ ತಿರುಳು. ಬಿಟಿ ಬದನೆಯನ್ನು ತಿಂದ ಪ್ರಾಣಿಗಳಿಗೆ ಏನಾಯಿತು ಎಂಬ ಪರೀಕ್ಷಾ ವರದಿಗಳನ್ನು ಕೊಡಿ ಎಂದು 2006ರಲ್ಲಿ ಮಾಹಿತಿ ಹಕ್ಕಿನಡಿ ಕೇಳಿದಾಗ ಬಂದ ಉತ್ತರ, ಅದು ವಾಣಿಜ್ಯ ಗೌಪ್ಯ ಎಂಬುದಾಗಿತ್ತು. ಜನರ ತಟ್ಟೆಗೆ ಬರುವ ಪದಾರ್ಥದ ವಿಷಗುಣ ಕಂಪನಿಯ ಖಾಸಗಿ ಗುಟ್ಟಾಯಿತು! ವಿಷಕಾರಕತೆ ಮತ್ತು ಅಲರ್ಜಿಯ ಮಾಹಿತಿಯನ್ನು ಬಹಿರಂಗಪಡಿಸಿ ಎಂದು ಸುಪ್ರೀಂ ಕೋರ್ಟೇ 2008ರಲ್ಲಿ ಹೇಳಬೇಕಾಯಿತು. ಆ ಬಳಿಕವಷ್ಟೇ ಹೊರಗಿನ ವಿಜ್ಞಾನಿಗಳು ಅಂಕಿಅಂಶಗಳನ್ನು ನೋಡಿ ದೋಷಗಳನ್ನೆತ್ತಿ ತೋರಿಸಲು ಸಾಧ್ಯವಾಯಿತು. 2010ರ ಫೆಬ್ರವರಿ 9ರಂದು ಅಂದಿನ ಪರಿಸರ ಸಚಿವ ಜೈರಾಮ್ ರಮೇಶ್ ಬಿಟಿ ಬದನೆಗೆ ತಡೆ ಹಾಕಿದರು. ಗುಟ್ಟು ಗುಟ್ಟಾಗಿಯೇ ಉಳಿದಿದ್ದರೆ ಆ ತಡೆ ಬರುತ್ತಿತ್ತೇ?

ಇನ್ನೊಂದು ಉದಾಹರಣೆ ಮಲೆನಾಡಿಗೆ ಇನ್ನೂ ಹತ್ತಿರದ್ದು. ಮಾಧವ ಗಾಡ್ಗೀಳ್ ಅಧ್ಯಕ್ಷತೆಯ ಪಶ್ಚಿಮಘಟ್ಟ ತಜ್ಞರ ಸಮಿತಿ 2011ರ ಆಗಸ್ಟ್‌ನಲ್ಲಿ ವರದಿ ಕೊಟ್ಟಿತು. ಘಟ್ಟದ ಜನರ ಬಗ್ಗೆ ಬರೆದ ಆ ವರದಿಯನ್ನು ಘಟ್ಟದ ಜನರಿಗೇ ತೋರಿಸಲು ಪರಿಸರ ಸಚಿವಾಲಯ ಒಪ್ಪಲಿಲ್ಲ. ಕಾರಣ? ರಾಷ್ಟ್ರದ ವೈಜ್ಞಾನಿಕ ಮತ್ತು ಆರ್ಥಿಕ ಹಿತಾಸಕ್ತಿಗೆ ಧಕ್ಕೆಯಾಗುತ್ತದೆಂಬ ಮಾಹಿತಿ ಹಕ್ಕು ಕಾಯ್ದೆಯ 8ನೆಯ ಕಲಮು. ಕೇಂದ್ರ ಮಾಹಿತಿ ಆಯೋಗ 2012ರ ಏಪ್ರಿಲ್‌ನಲ್ಲಿ ಆದೇಶಿಸಿ, ದೆಹಲಿ ಹೈಕೋರ್ಟು ಮೇ ತಿಂಗಳಲ್ಲಿ ಸಚಿವಾಲಯದ ಅರ್ಜಿಯನ್ನು ತಳ್ಳಿಹಾಕಿದ ಮೇಲೆ ವರದಿ ಹೊರಬಂತು. ‘ಆರ್ಥಿಕ ಹಿತಾಸಕ್ತಿ’ ಎಂಬ ಎರಡು ಪದಗಳು ಯಾರ ವಿರುದ್ಧ ಬಳಕೆಯಾಗುತ್ತವೆ ಎಂಬುದಕ್ಕೆ ಬೇರೆ ಪುರಾವೆ ಹುಡುಕಬೇಕಾಗಿಲ್ಲ. ಗಣಿ, ಜಲವಿದ್ಯುತ್ತು, ನದಿ ತಿರುವು ಎಲ್ಲದರ ಯೋಜನಾ ವರದಿಗಳೂ ನಾಳೆ ಈ ಎರಡು ಪದಗಳ ನೆರಳಿನಲ್ಲಿ ಅಡಗಬಲ್ಲವು.

ಬೇಹುಗಾರಿಕೆ ಕಂಪನಿಗಳ ವಿರುದ್ಧವೇ ನಡೆಯುತ್ತದೆಂಬುದೂ ಭ್ರಮೆ. 2019ರಲ್ಲಿ ಗುಜರಾತಿನ ಆಲೂಗಡ್ಡೆ ಬೆಳೆಗಾರರ ಮೇಲೆ ಪೆಪ್ಸಿಕೋ ಕಂಪನಿ ಮೊಕದ್ದಮೆ ಹೂಡಿ, ಕೆಲವರಿಂದ ತಲಾ 1 ಕೋಟಿಗೂ ಮೀರಿದ ಪರಿಹಾರ ಕೇಳಿತ್ತು. ಖಾಸಗಿ ಪತ್ತೇದಾರರು ಕೊಳ್ಳುವವರ ಸೋಗಿನಲ್ಲಿ ಹೊಲಗಳಿಗೆ ಬಂದು, ಗುಟ್ಟಾಗಿ ಚಿತ್ರೀಕರಿಸಿ, ಗಡ್ಡೆಗಳ ಮಾದರಿ ಒಯ್ದರೆಂದು ರೈತ ಸಂಘಟನೆಗಳು ತಳಿ ಸಂರಕ್ಷಣಾ ಪ್ರಾಧಿಕಾರಕ್ಕೆ ಬರೆದವು. ದೇಶದಾದ್ಯಂತ ಸಿಟ್ಟು ಎದ್ದ ಮೇಲೆ ಕಂಪನಿ ಮೊಕದ್ದಮೆಗಳನ್ನು ಹಿಂತೆಗೆದುಕೊಂಡಿತು. ಸುಳ್ಳು ಹೇಳಿ ಹೊಲ ಹೊಕ್ಕ ಚೀನೀಯನಿಗೆ 36 ತಿಂಗಳು. ಇಲ್ಲಿ ಹೊಲ ಹೊಕ್ಕರೆಂದು ರೈತರು ದೂರಿದವರಿಗೆ?

ಹೊಲದೊಳಗೆ ಕಾಲಿಡದೆಯೂ ಹೊಲವನ್ನು ಒಯ್ಯುವ ಕಾಲ ಬಂದಿದೆ. ಮಾನ್ಸಾಂಟೊ ಸಮೂಹದಲ್ಲಿ ದುಡಿದ ವಿಜ್ಞಾನಿಯೊಬ್ಬ ಮಣ್ಣಿನ ಪೋಷಕಾಂಶ ಲೆಕ್ಕಹಾಕುವ ತಂತ್ರಾಂಶವನ್ನು ಚೀನಾಕ್ಕೆ ಒಯ್ಯಲು ಹೊರಟದ್ದಕ್ಕೆ 2022ರಲ್ಲಿ ಅಮೆರಿಕದ ನ್ಯಾಯಾಲಯ 29 ತಿಂಗಳ ಶಿಕ್ಷೆ ಕೊಟ್ಟಿತು. ರೈತರ ಜಮೀನಿನ ಮಾಹಿತಿಯನ್ನು ಕಲೆಹಾಕುವ ವ್ಯವಸ್ಥೆಯ ಒಂದು ಭಾಗ ಅದು. ಲೆಕ್ಕದ ಸೂತ್ರ ಕಂಪನಿಯ ಗುಟ್ಟು ಸರಿ. ಆ ಸೂತ್ರಕ್ಕೆ ಉಣಿಸಿದ ಮಣ್ಣಿನ ಮಾಹಿತಿ ಯಾರ ಗುಟ್ಟು? ಮೊಬೈಲಿನಲ್ಲಿ ಗೊಬ್ಬರದ ಸಲಹೆ ಪಡೆಯುವ ಅಡಿಕೆ ತೋಟದವರೂ ಈ ಪ್ರಶ್ನೆ ಕೇಳಿಕೊಳ್ಳಬೇಕಾದ ದಿನಗಳು ಇವು.

ಕಾನೂನು ಆಯೋಗದ ಪರವಾಗಿ ಒಂದು ಮಾತು ಹೇಳಲೇಬೇಕು. ಅಕ್ರಮವನ್ನು ಬಯಲಿಗೆಳೆಯುವವರಿಗೆ ರಕ್ಷಣೆ, ಸಾರ್ವಜನಿಕ ಹಿತದ ಸಂದರ್ಭದಲ್ಲಿ ವಿನಾಯಿತಿ, ಕಡ್ಡಾಯ ಪರವಾನಗಿ ಇವೆಲ್ಲ ಅದರ ಶಿಫಾರಸಿನಲ್ಲಿವೆ. ಆದರೆ ಶಿಫಾರಸು ಕಾಯ್ದೆಯಾಗುವ ದಾರಿಯಲ್ಲಿ ಇಂಥ ವಾಕ್ಯಗಳೇ ಮೊದಲು ಉದುರುತ್ತವೆ. ಆಹಾರ, ಔಷಧ, ಕೀಟನಾಶಕ, ನೀರು ಮತ್ತು ಅರಣ್ಯಕ್ಕೆ ಸಂಬಂಧಿಸಿದ ಯಾವ ಸುರಕ್ಷತಾ ಮಾಹಿತಿಯೂ ವ್ಯಾಪಾರ ರಹಸ್ಯವಾಗಕೂಡದೆಂದು ಕಾಯ್ದೆಯಲ್ಲೇ ನಮೂದಾಗಬೇಕು. ಪರದೇಶೀ ಕಂಪನಿ ಊರಿನ ತಳಿಯನ್ನು ಅನುಮತಿಯಿಲ್ಲದೆ ಒಯ್ದರೆ ಅದೂ ಆರ್ಥಿಕ ಬೇಹುಗಾರಿಕೆಯ ವ್ಯಾಖ್ಯೆಯೊಳಗೆ ಬರಬೇಕು. ಜೀವವೈವಿಧ್ಯ ಕಾಯ್ದೆಯಿಂದ ಕಿತ್ತ ಸೆರೆವಾಸದ ಕಲಮು ಮರಳಿ ಬರಬೇಕು. ಇವನ್ನು ಲೋಕಸಭಾ ಸದಸ್ಯರ ಮುಂದೆ ಇಡಬೇಕಾದವರು ಹಳ್ಳಿಗರೇ. ದೆಹಲಿಯ ವಕೀಲರು ಬೀಜದ ಕಂಪನಿಗಳ ಪರವಾಗಿ ಈಗಾಗಲೇ ಬರೆಯುತ್ತಿರಬಹುದು.

ಅಷ್ಟರೊಳಗೆ ಪಂಚಾಯತಿಯಲ್ಲೇ ಮಾಡಬಹುದಾದ ಕೆಲಸವೊಂದಿದೆ. ಕಾಯ್ದೆಯ 41ನೆಯ ಕಲಮಿನಂತೆ ಪ್ರತಿ ಗ್ರಾಮ ಪಂಚಾಯತಿಯಲ್ಲೂ ಜೀವವೈವಿಧ್ಯ ನಿರ್ವಹಣಾ ಸಮಿತಿ ಇರಬೇಕು. ಅದು ಜನತಾ ಜೀವವೈವಿಧ್ಯ ದಾಖಲಾತಿಯನ್ನು ಬರೆದಿಡಬೇಕು. ಹಸಿರು ನ್ಯಾಯಮಂಡಳಿ 2020ರ ಜನವರಿ 31ರ ಗಡುವು ವಿಧಿಸಿದಾಗ ದೇಶದ ಅನೇಕ ಕಡೆ ಈ ದಾಖಲಾತಿಗಳು ತರಾತುರಿಯಲ್ಲಿ ಸಿದ್ಧವಾದವು. ಯಾವ ಅಪ್ಪೆಮಿಡಿ ಮರ ಯಾರ ಬೆಟ್ಟದಲ್ಲಿದೆ, ಯಾವ ಬೇರಿನ ಔಷಧ ಯಾವ ಮನೆತನಕ್ಕೆ ಗೊತ್ತು ಎಂಬುದೆಲ್ಲ ಇಂಥ ದಾಖಲಾತಿಗೆ ಸೇರುವ ಸಂಗತಿಗಳು. ಕಂಪನಿಯ ಪೋಷಕ ತಳಿಗೆ ಬೇಲಿಯಿದೆ, ಕಾವಲಿದೆ. ಈ ಪುಸ್ತಕ ಎಲ್ಲಿದೆ, ಯಾರು ಬರೆದರು, ಪ್ರತಿ ಯಾರ ಕೈಯಲ್ಲಿದೆ, ಯಾರು ನೋಡಿದರೆಂಬ ದಾಖಲೆ ಇದೆಯೇ ಎಂಬುದನ್ನು ಮುಂದಿನ ಗ್ರಾಮಸಭೆಯಲ್ಲಿ ಲಿಖಿತವಾಗಿ ಕೇಳಬೇಕು. ಸಮಿತಿಯ ಒಪ್ಪಿಗೆಯಿಲ್ಲದೆ ಹೊರಗಿನವರಿಗೆ ಪ್ರತಿ ಕೊಡಕೂಡದೆಂದು ಠರಾವು ಬರೆಸಬೇಕು. ಉತ್ತರ ಬಾರದಿದ್ದರೆ 10 ರೂಪಾಯಿಯ ಮಾಹಿತಿ ಹಕ್ಕಿನ ಅರ್ಜಿ ಇದ್ದೇ ಇದೆ.